ಆಟಿಯ ಮಳೆ, ಚೆನ್ನೆಯ ಮಣೆ

ತುಳುನಾಡಿನ ಪಂಚಾಂಗದಲ್ಲಿ ಆಟಿಯಷ್ಟು ನಿಂದೆಗೂ ಆಟಿಯಷ್ಟು ಪ್ರೀತಿಗೂ ಪಾತ್ರವಾದ ತಿಂಗಳು ಇನ್ನೊಂದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ಸೌರಮಾಸದಲ್ಲಿ ಘಟ್ಟದ ಬುಡದ ಬೆಳ್ತಂಗಡಿಯಿಂದ ಹಿಡಿದು ನೇತ್ರಾವತಿಯ ದಡದ ಬಂಟ್ವಾಳದವರೆಗೆ, ಅತ್ತ ಬಸದಿಗಳ ಊರಾದ ಮೂಡುಬಿದಿರೆಯವರೆಗೆ ಮಳೆಯದೇ ರಾಜ್ಯಭಾರ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಆಟಿಯ ದಿನಗಳೆಂದರೆ ಹಿಂದೆ ಹೊರಗೆ ಕೆಲಸವಿಲ್ಲದ, ಒಳಗೆ ಅಕ್ಕಿಯಿಲ್ಲದ ದಿನಗಳಾಗಿದ್ದವು. ಏಣೆಲಿನ ನಾಟಿ ಮುಗಿದಿರುತ್ತಿತ್ತು. ಕೊಯ್ಲಿಗೆ ಇನ್ನೂ ಬಹುದಿನಗಳಿದ್ದವು. ಶುಭಕಾರ್ಯಗಳಿಗೆ ತಡೆ, ಭೂತಕೋಲಗಳಿಗೂ ವಿರಾಮ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವುದು ಆಗಲೇ. ಒಲೆಯ ಮೇಲೆ ಹಲಸಿನ ಬೀಜ, ಹೊಗೆಯಲ್ಲಿ ಒಣಗಿದ ಸಾಂತಾಣಿ, ಅಪರೂಪಕ್ಕೊಂದು ದಿನ ಪತ್ರೊಡೆ. ಚಾವಡಿಯಲ್ಲಿ ಅಟ್ಟದಿಂದ ಇಳಿಸಿ ಒರಸಿಟ್ಟ ಚೆನ್ನೆಮಣೆ.

ಈ ಚೆನ್ನೆಮಣೆಯ ವಿಚಾರವಾಗಿಯೇ ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮಣೆಯನ್ನು ಬಲ್ಲವರು ಇಂದಿಗೂ ಬಹಳ ಮಂದಿ ಇದ್ದಾರೆ. ಅನೇಕ ಮನೆಗಳ ಶೋಕೇಸಿನಲ್ಲಿ ಅದು ಅಲಂಕಾರವಾಗಿ ಕುಳಿತಿದೆ. ಆದರೆ ಮಣೆ ಉಳಿಯುವುದು ಬೇರೆ, ಆಟ ಉಳಿಯುವುದು ಬೇರೆ. ಅದರಲ್ಲಿಯೂ ಒಂದೊಂದು ಊರಿಗೆ, ಒಂದೊಂದು ಮನೆತನಕ್ಕೆ ತನ್ನದೇ ಎಂದಿದ್ದ ಆಟದ ಬಗೆಗಳು ಉಳಿಯುವುದು ಇನ್ನೂ ಬೇರೆ. ಮೊದಲನೆಯದು ಬಡಗಿಯ ಕೆಲಸ. ಎರಡನೆಯದು ಆಡುವವರ ಕೆಲಸ. ಮೂರನೆಯದು ಯಾರ ಕೆಲಸವೆಂಬುದನ್ನು ನಾವಿನ್ನೂ ತೀರ್ಮಾನಿಸಿಲ್ಲ.

ಮಣೆ ಮತ್ತು ಕಾಯಿ

ಚೆನ್ನೆಮಣೆ ಸಾಮಾನ್ಯವಾಗಿ ಹಲಸಿನಂತಹ ಗಟ್ಟಿ ಮರದ ಒಂದೇ ತುಂಡಿನಿಂದ ಕೊರೆದದ್ದು. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಯನ್ನು ‘ಮನೆ’ ಎಂದು ಕರೆಯುವುದು ರೂಢಿ. ಗೆದ್ದ ಕಾಯಿಗಳನ್ನು ಹಾಕಿಕೊಳ್ಳಲು ಎರಡು ತುದಿಗಳಲ್ಲಿ ತುಸು ದೊಡ್ಡ ಗುಳಿಗಳಿರುವುದೂ ಉಂಟು. ಸಿರಿವಂತರ ಮನೆಯ ಮಣೆಗಳಿಗೆ ಅಂಚಿನಲ್ಲಿ ಬಳ್ಳಿಯ ಕೆತ್ತನೆ, ಕಾಲು, ಹಿಡಿ ಎಲ್ಲವೂ ಇರುತ್ತಿದ್ದವು. ಬಡವರ ಮಕ್ಕಳಿಗೆ ಸೆಗಣಿ ಸಾರಿಸಿದ ನೆಲದಲ್ಲಿ ತೋಡಿದ ಹದಿನಾಲ್ಕು ಕುಳಿಗಳೇ ಮಣೆ. ಆಟಕ್ಕೆ ಎರಡೂ ಒಂದೇ.

ಕಾಯಿಗಳೆಂದರೆ ಮಂಜೊಟ್ಟಿಯ ಬೀಜಗಳು. ಕೆಂಪು ಬಣ್ಣದ, ನಯವಾದ, ಹೊಳೆಯುವ ಈ ಬೀಜ ದೊಡ್ಡ ಮರದಲ್ಲಿ ಸುರುಳಿಯಾದ ಕೋಡಿನೊಳಗೆ ಬೆಳೆಯುತ್ತದೆ. ಬಳ್ಳಿಯಲ್ಲಿ ಬೆಳೆಯುವ ಕರಿಮೂತಿಯ ಗುಲಗಂಜಿ ಬೇರೆ. ಮಂಜೊಟ್ಟಿಯ ಬೀಜಗಳು ತೂಕದಲ್ಲಿ ಎಷ್ಟು ಸಮಾನವೆಂದರೆ ಹಿಂದಿನ ಅಕ್ಕಸಾಲಿಗರು ಚಿನ್ನ ತೂಗಲು ಅವನ್ನು ಬಳಸುತ್ತಿದ್ದರು. ಹೆಚ್ಚುಕಡಮೆ ನಾಲ್ಕು ಬೀಜ ಸೇರಿದರೆ ಒಂದು ಗ್ರಾಂ. ಚೆನ್ನೆಯಲ್ಲಿ ಒಂದೊಂದು ಮನೆಗೆ ನಾಲ್ಕು ಕಾಯಿ ತುಂಬುವುದು ವಾಡಿಕೆಯಾದ್ದರಿಂದ ಹದಿನಾಲ್ಕು ಮನೆಗೆ 56 ಕಾಯಿ. ಮಂಜೊಟ್ಟಿ ಸಿಗದ ಕಡೆ ಹುಣಿಸೆಬೀಜ, ಕವಡೆ, ಹೊಳೆಯ ಹರಳು ಯಾವುದಾದರೂ ನಡೆಯುತ್ತದೆ. ಕಣ್ಣಿಗೆ ತಂಪಾಗಿ, ಕೈಗೆ ಜಾರದೆ, ಮಣೆಯ ಮೇಲೆ ಬಿದ್ದಾಗ ಸಣ್ಣಗೆ ಸದ್ದು ಮಾಡುವ ಮಂಜೊಟ್ಟಿಯ ಸೊಗಸು ಮಾತ್ರ ಅವುಗಳಿಗಿಲ್ಲ.

ಆಟದೊಳಗಿನ ಲೆಕ್ಕ

ಚೆನ್ನೆಯನ್ನು ಕಾಲಹರಣದ ಹೆಂಗಸರ ಆಟವೆಂದು ಕಡೆಗಣಿಸಿದವರು ಒಮ್ಮೆ ಅದರ ಲೆಕ್ಕವನ್ನು ಗಮನಿಸಬೇಕು. ಓದುಗರು ಮನೆಯಲ್ಲಿ ಮಣೆಯಿದ್ದರೆ ಮುಂದಿಟ್ಟುಕೊಳ್ಳಲಿ. ಇಲ್ಲವಾದರೆ ಕಾಗದದ ಮೇಲೆ ಹದಿನಾಲ್ಕು ವರ್ತುಲಗಳನ್ನು ಬರೆದು ನಾಲ್ಕು ನಾಲ್ಕು ಹುಣಿಸೆಬೀಜಗಳನ್ನು ಇಡಲಿ.

ನಮ್ಮ ಸಾಲಿನ ಮನೆಗಳಿಗೆ ಎಡದಿಂದ ಬಲಕ್ಕೆ 1ರಿಂದ 7ರವರೆಗೆ ಸಂಖ್ಯೆ ಕೊಡೋಣ. ಎದುರಾಳಿಯ ಸಾಲಿಗೆ ನಮ್ಮ ಬಲಗಡೆಯಿಂದ ಎಡಕ್ಕೆ 8ರಿಂದ 14ರವರೆಗೆ ಕೊಡೋಣ. ಆಗ 7ರ ಎದುರಿಗೆ 8, 1ರ ಎದುರಿಗೆ 14 ಬರುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ನಿಯಮ ಹೀಗೆ: ಒಂದು ಮನೆಯ ಕಾಯಿಗಳನ್ನೆಲ್ಲ ಎತ್ತಿಕೊಂಡು ಮುಂದಿನ ಮನೆಗಳಿಗೆ ಒಂದೊಂದರಂತೆ ಬಿತ್ತಬೇಕು. ಕೈ ಬರಿದಾದಾಗ ಅದರ ಮುಂದಿನ ಮನೆಯ ಕಾಯಿಗಳನ್ನು ಎತ್ತಿ ಮತ್ತೆ ಬಿತ್ತಬೇಕು. ಹಾಗೆ ಎತ್ತಹೋದಾಗ ಮುಂದಿನ ಮನೆ ಬರಿದಾಗಿದ್ದರೆ ಬಿತ್ತನೆ ನಿಂತಿತು. ಆ ಬರಿ ಮನೆಯ ಆಚೆಗಿರುವ ಮನೆಯ ಕಾಯಿಗಳು ಆಡಿದವರ ಪಾಲು.

ಈಗ 1ನೆಯ ಮನೆಯಿಂದ ಆರಂಭಿಸಿ ನೋಡಿ. ಅಲ್ಲಿನ ನಾಲ್ಕು ಕಾಯಿ 5ನೆಯ ಮನೆಗೆ ಮುಗಿಯುತ್ತದೆ. 6ನೆಯ ಮನೆಯ ನಾಲ್ಕು 10ಕ್ಕೆ, 11ರ ನಾಲ್ಕು ಸುತ್ತಿ ಬಂದು 1ಕ್ಕೆ. ಆಮೇಲೆ 2ನೆಯ ಮನೆಯಲ್ಲಿ ಐದು ಕೂಡಿವೆ. ಅವು 7ರವರೆಗೆ ಹೋಗುತ್ತವೆ. 8ರ ಐದು 13ರವರೆಗೆ, 14ರ ಐದು ಪುನಃ 5ರವರೆಗೆ. 6ರಲ್ಲಿರುವ ಒಂಟಿ ಕಾಯಿ 7ಕ್ಕೆ ಬೀಳುತ್ತದೆ. ಮುಂದಿನ 8ನೆಯ ಮನೆ ಬರಿದು. ಆಚೆಗಿನ 9ನೆಯ ಮನೆಯಲ್ಲಿ ಆರು ಕಾಯಿ. ಏಳು ಬಾರಿ ಎತ್ತಿ, 28 ಕಾಯಿಗಳನ್ನು ಬಿತ್ತಿ, ಆರು ಕಾಯಿಗಳ ಬೆಳೆ ಕೊಯ್ದಂತಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಆರಂಭದಲ್ಲಿ ಹದಿನಾಲ್ಕು ಮನೆಗಳೂ ಸಮಾನವಾಗಿರುವುದರಿಂದ ಯಾವ ಮನೆಯಿಂದ ಆರಂಭಿಸಿದರೂ ಮೊದಲ ಸರದಿಯ ಫಲ ಆರೇ ಕಾಯಿ. ಅಲ್ಲಿ ಜಾಣತನಕ್ಕೆ ಎಡೆಯಿಲ್ಲ; ಎದುರಾಳಿಯ ಸರದಿಯಿಂದ ಆಟ ಬಿಗಿಯಾಗುತ್ತದೆ. ಆದರೆ ಕೆಲವೆಡೆ ಇನ್ನೊಂದು ಸಣ್ಣ ನಿಯಮವನ್ನು ಕೂಡಿಸಿಕೊಳ್ಳುತ್ತಾರೆ: ಗೆದ್ದ ಮನೆಯ ಜೊತೆಗೆ ಅದರ ನೇರ ಎದುರಿನ ಮನೆಯ ಕಾಯಿಗಳೂ ಗೆದ್ದವರಿಗೇ ಸೇರಬೇಕು. ಈ ಒಂದು ಮಾತಿನಿಂದ ಆಟದ ಚಹರೆಯೇ ಬದಲಾಗುತ್ತದೆ. ಆಗ 1, 4, 7ನೆಯ ಮನೆಗಳಿಂದ ಆರಂಭಿಸಿದವರಿಗೆ ಆರು ಕಾಯಿ. 3ರಿಂದ ಆರಂಭಿಸಿದವರಿಗೆ ಏಳು. 5 ಮತ್ತು 6ರಿಂದ ಆರಂಭಿಸಿದವರಿಗೆ ಹನ್ನೆರಡು. 2ನೆಯ ಮನೆಯಿಂದ ಆರಂಭಿಸಿದವರಿಗೆ ಹದಿಮೂರು! ಮೊದಲ ಕೈಯಲ್ಲಿಯೇ ಆರಕ್ಕೂ ಹದಿಮೂರಕ್ಕೂ ಇರುವ ಅಂತರವನ್ನು ಒಂದು ನಿಯಮ ತಂದೊಡ್ಡುತ್ತದೆ.

ಅಕ್ಷರ ಬಾರದ ಅಜ್ಜಿಯಂದಿರು 2ನೆಯ ಮನೆಗೇ ಮೊದಲು ಕೈ ಹಾಕುತ್ತಿದ್ದುದು ಏಕೆಂಬುದು ನನಗೆ ಈ ಲೆಕ್ಕವನ್ನು ಬರೆದು ನೋಡಿದ ಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ಬೆಳ್ತಂಗಡಿ ಕಡೆಯಿಂದ ಬಂದ ಅಜ್ಜಿಗೆ ಎದುರು ಮನೆಯ ಕಾಯಿ ಎತ್ತುವುದು ನ್ಯಾಯ. ಮೂಡುಬಿದಿರೆ ಕಡೆಯಿಂದ ಬಂದ ಅತ್ತೆಗೆ ಅದು ಕಳ್ಳತನ. ಪ್ರತಿ ಆಟಿಯಲ್ಲಿಯೂ ಈ ವ್ಯಾಜ್ಯ ಹೊಸದಾಗಿ ಆರಂಭವಾಗುತ್ತಿತ್ತು, ಯಾರೂ ಸೋಲಲಿಲ್ಲ. ‘ನಮ್ಮಲ್ಲಿ ಹೀಗೆ’ ಎಂಬ ಎರಡು ಶಬ್ದಗಳಲ್ಲಿ ಒಂದೊಂದು ಊರಿನ ಧರ್ಮಶಾಸ್ತ್ರವೇ ಅಡಗಿರುತ್ತದೆ.

ಒಂದೇ ಮಣೆ, ಹಲವು ಆಟ

ಹೊರಗಿನವರು ‘ಚೆನ್ನೆ’ ಎಂಬುದು ಒಂದು ಆಟವೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ಒಂದು ಮಣೆಯ ಮೇಲೆ ಆಡುವ ಆಟಗಳ ಒಂದು ಕುಟುಂಬ. ಪೆರ್ಗ, ಅರಸಾಟ, ಸೀತೆಯಾಟ ಎಂದು ಹೆಸರುಗಳೇ ಹಲವು. ಸೀತೆಯಾಟ ಒಬ್ಬರೇ ಕುಳಿತು ಆಡುವಂತಹದು. ಅಶೋಕವನದಲ್ಲಿ ಜೊತೆಗಾರರಿಲ್ಲದ ಸೀತೆ ತನ್ನ ದುಃಖವನ್ನು ಮರೆಯಲು ಕಂಡುಕೊಂಡ ಆಟವೆಂದು ಹಿರಿಯರು ಹೇಳುತ್ತಾರೆ. ಕೆಲವು ಬಗೆಗಳಲ್ಲಿ ಬರಿದಾಗಿದ್ದ ಮನೆಯಲ್ಲಿ ಕಾಯಿಗಳು ಒಂದೊಂದಾಗಿ ಕೂಡಿ ನಾಲ್ಕಾದೊಡನೆ ಆ ಸಾಲಿನ ಒಡೆಯರು ಅವನ್ನು ಎತ್ತಿಕೊಳ್ಳುತ್ತಾರೆ. ಅದೇ ನಾಲ್ಕನ್ನು ತಮಿಳರು ‘ಪಸು’, ಎಂದರೆ ಹಸು, ಎಂದು ಕರೆಯುತ್ತಾರೆ. ಬಿತ್ತುವುದು, ಬೆಳೆ ಕೊಯ್ಯುವುದು, ಹಸುವನ್ನು ಮನೆಗೆ ಹೊಡೆದುಕೊಂಡು ಬರುವುದು—ಹೀಗೆ ಇಡೀ ಬೇಸಾಯದ ಬದುಕು ಒಂದು ಮೊಳದ ಹಲಗೆಯಲ್ಲಿ ನಡೆದುಹೋಗುತ್ತದೆ.

ಘಟ್ಟದ ಮೇಲಿನ ಕನ್ನಡಿಗರಿಗೆ ಇದೇ ಅಳಗುಳಿಮಣೆ. ತಮಿಳರಿಗೆ ಪಲ್ಲಾಂಗುಳಿ, ತೆಲುಗರಿಗೆ ವಾಮನಗುಂಟಲು, ಸಿಂಹಳದವರಿಗೆ ಒಲಿಂದ ಕೆಲಿಯ. ಕಡಲು ದಾಟಿದರೆ ಮಲಯದಲ್ಲಿ ಚೊಂಗ್ಕಾಕ್, ಫಿಲಿಪೈನ್ಸಿನಲ್ಲಿ ಸುಂಗ್ಕಾ. ಪಶ್ಚಿಮ ಆಫ್ರಿಕದಲ್ಲಿ ಒವಾರೆ. ಅರಬ್ಬಿಯ ಮೂಲದಿಂದ ಬಂದ ‘ಮಂಕಾಲ’ ಎಂಬ ಹೆಸರನ್ನು ವಿದ್ವಾಂಸರು ಇಡೀ ಕುಲಕ್ಕೆ ಕೊಟ್ಟಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ತೋರಿದ ಆಸಕ್ತಿ ಪ್ರಸಿದ್ಧವಾದದ್ದು. ಅವರ ಶ್ರೀತತ್ತ್ವನಿಧಿಯ ‘ಕೌತುಕನಿಧಿ’ ಎಂಬ ಭಾಗದಲ್ಲಿ ಆಟಗಳಿಗೂ ಸ್ಥಾನವಿದೆ. ಆದರೆ ಅರಮನೆಯ ಆಟಗಳಿಗೆ ಬರೆಯುವ ಕೈಗಳಿದ್ದವು. ಚಾವಡಿಯ ಆಟಗಳಿಗೆ ಇದ್ದದ್ದು ನೆನಪು ಮಾತ್ರ.

ಅಬ್ಬಗ-ದಾರಗರ ಮಣೆ

ಚೆನ್ನೆಯ ಬಗ್ಗೆ ತುಳುವರಲ್ಲಿ ಪ್ರೀತಿಯೊಡನೆ ಒಂದು ಅಂಜಿಕೆಯೂ ಬೆರೆತಿದೆ. ಆಟಿ ಕಳೆದ ಮೇಲೆ ಮಣೆಯನ್ನು ಮುಟ್ಟಬಾರದು. ಅಕ್ಕತಂಗಿಯರು ಎದುರುಬದುರು ಕುಳಿತು ಆಡಬಾರದು ಎಂಬ ಕಟ್ಟಳೆ ಹಲವು ಮನೆಗಳಲ್ಲಿ ಇಂದಿಗೂ ಇದೆ. ಈ ಅಂಜಿಕೆಯ ಬೇರು ಸಿರಿ ಪಾಡ್ದನದಲ್ಲಿದೆ.

ಬೆರ್ಮ ಆಳ್ವನ ಮನೆಯಲ್ಲಿ ಹುಟ್ಟಿದ ಸಿರಿ, ಆಕೆಯ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ-ದಾರಗ—ಹೀಗೆ ಹೆಣ್ಣಿನ ಸಂತತಿಯ ಕಥೆಯಾಗಿ ಈ ಮಹಾಕಾವ್ಯ ಬೆಳೆಯುತ್ತದೆ. ಹರಕೆಯೊಂದು ಮರೆತುಹೋದ ಮನೆ ಅದು. ಹೆತ್ತವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವಳಿ ಸೋದರಿಯರು ಚೆನ್ನೆಯ ಮಣೆಯನ್ನು ತೆಗೆದು ಆಟಕ್ಕೆ ಕೂರುತ್ತಾರೆ. ಒಬ್ಬಳು ಗೆಲ್ಲುತ್ತಾಳೆ, ಇನ್ನೊಬ್ಬಳು ಸೋಲುತ್ತಾಳೆ. ಮಾತಿಗೆ ಮಾತು ಬೆಳೆದು ಸಿಟ್ಟಿನ ಭರದಲ್ಲಿ ಮಣೆಯಿಂದಲೇ ಹೊಡೆತ ಬೀಳುತ್ತದೆ. ಒಬ್ಬಳ ಪ್ರಾಣ ಹೋಗುತ್ತದೆ. ಮಾಡಿದ್ದನ್ನು ಕಂಡು ತಾಳಲಾರದೆ ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಹೊಡೆದವಳು ಯಾರು, ಸತ್ತವಳು ಯಾರು ಎಂಬ ವಿವರ ಹಾಡುವವರಿಂದ ಹಾಡುವವರಿಗೆ ಬದಲಾಗುವುದುಂಟು. ಕೊನೆಯ ಶೋಕ ಮಾತ್ರ ಎಲ್ಲ ಕಡೆಯೂ ಒಂದೇ. ಸಿರಿಜಾತ್ರೆಗಳ ಹುಣ್ಣಿಮೆಯ ರಾತ್ರಿಗಳಲ್ಲಿ ಸಾಲಾಗಿ ನಿಂತ ಹೆಂಗಸರ ಮೈಮೇಲೆ ಸಿರಿ, ಸೊನ್ನೆ, ಗಿಂಡೆಯರ ಜೊತೆಗೆ ಅಬ್ಬಗ-ದಾರಗರೂ ಬರುತ್ತಾರೆ.

ಈ ಕಾವ್ಯ ಲೋಕಪ್ರಸಿದ್ಧವಾದದ್ದು ಬೆಳ್ತಂಗಡಿ ತಾಲೂಕಿನಿಂದಲೇ ಎಂಬುದು ನಾವು ಹೆಮ್ಮೆ ಪಡಬೇಕಾದ ಸಂಗತಿ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಆನೆಲಿ ಹೊಂಕೊ ಅವರೊಡಗೂಡಿ ಧ್ವನಿಮುದ್ರಿಸಿ, ಲಿಪಿಗಿಳಿಸಿ, ಇಂಗ್ಲಿಷಿಗೆ ಅನುವಾದಿಸಿದರು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಚೆನ್ನೆಯ ಆಟವನ್ನೂ ಅದರ ಅರ್ಥವನ್ನೂ ಕುರಿತು ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಬರೆದ ಪ್ರಬಂಧ 1986ರಲ್ಲಿಯೇ ಬೆಳಕು ಕಂಡಿತ್ತು.

ಕಥೆಯ ಮರ್ಮವನ್ನು ಆಟ ಬಲ್ಲವರು ಮಾತ್ರ ಪೂರ್ಣವಾಗಿ ಗ್ರಹಿಸಬಲ್ಲರು. ಅವಳಿಗಳೆಂದರೆ ಎಲ್ಲದರಲ್ಲಿಯೂ ಸಮಾನರು. ಚೆನ್ನೆಯ ಮಣೆಯೂ ಆರಂಭದಲ್ಲಿ ಸಮಾನವೇ. ಇಬ್ಬರಿಗೂ ಏಳು ಮನೆ, ಇಬ್ಬರಿಗೂ 28 ಕಾಯಿ. ಆಟವೆಂದರೆ ಆ ಸಮಾನತೆಯನ್ನು ಒಂದೊಂದೇ ಕಾಯಿಯಾಗಿ ಕೆಡಿಸುವುದು. ಒಂದು ಸುತ್ತಿನಲ್ಲಿ ಸೋತವಳು ಮುಂದಿನ ಸುತ್ತಿಗೆ ತನ್ನ ಮನೆಗಳನ್ನೆಲ್ಲ ತುಂಬಲಾರದೆ ಕೆಲವನ್ನು ಬರಿದು ಬಿಡಬೇಕಾಗುತ್ತದೆ. ಗೆದ್ದವಳ ಬಳಿ ಕಾಯಿ ಮಿಕ್ಕಿರುತ್ತದೆ. ಒಂದೇ ಬಸಿರಿನಲ್ಲಿ ಬಂದವರ ನಡುವೆ ‘ನಿನಗೆ ಹೆಚ್ಚು, ನನಗೆ ಕಡಮೆ’ ಎಂಬ ಮಾತು ಹುಟ್ಟುವುದು ಹೀಗೆ. ಹೆಣ್ಣಿನ ಸಂತತಿಗೆ ಆಸ್ತಿ ಹರಿದುಬರುವ ಅಳಿಯಕಟ್ಟಿನ ನಾಡಿನಲ್ಲಿ ಅಕ್ಕತಂಗಿಯರ ಪಾಲಿನ ಜಗಳ ಎಂತಹದೆಂಬುದು ಪಾಡ್ದನ ಕಟ್ಟಿದ ಹೆಣ್ಣುಮಕ್ಕಳಿಗೆ ಚೆನ್ನಾಗಿ ತಿಳಿದಿತ್ತು. ಆಟ ಗೊತ್ತಿಲ್ಲದ ಓದುಗನಿಗೆ ಮಣೆ ಕೇವಲ ಒಂದು ಆಯುಧವಾಗಿ ಕಾಣುತ್ತದೆ. ಆಟ ಮರೆತುಹೋದರೆ ಕಾವ್ಯದ ಒಂದು ಕಣ್ಣೂ ಮುಚ್ಚಿದಂತೆಯೇ ಸರಿ.

ಮಣೆ ಮೂಲೆ ಸೇರಿದ ಬಗೆ

ಟೆಲಿವಿಷನ್ ಬಂದುದರಿಂದ, ಮೊಬೈಲ್ ಬಂದುದರಿಂದ ಚೆನ್ನೆ ಅಳಿಯಿತೆಂದು ಹೇಳಿಬಿಡುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ಅವೆರಡೂ ಬರುವ ಮೊದಲೇ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಸಾವಿರಾರು ಮನೆಗಳಲ್ಲಿ ಹೆಂಗಸರ ಮಡಿಲಿಗೆ ಬೀಡಿಯ ತಡ್ಪೆ ಬಂದಿತ್ತು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರ ಬೀಡಿಗೆ ಇಷ್ಟೆಂದು ಮಜೂರಿ ಪಡೆಯುವ ಕೆಲಸಕ್ಕೆ ಆಟಿಯೆಂಬ ರಜೆಯಿಲ್ಲ; ಮಳೆಗಾಲದಲ್ಲಿ ಹೊರಗಿನ ಕೂಲಿ ನಿಂತಾಗಲೇ ಅದಕ್ಕೆ ಹೆಚ್ಚು ಅವಸರ. ಚೆನ್ನೆಯಲ್ಲಿ ಪಳಗಿದ ಬೆರಳುಗಳೇ ಬೀಡಿ ಸುತ್ತಿದವು, ಆ ದುಡ್ಡಿನಲ್ಲಿ ಮಕ್ಕಳು ಶಾಲೆಗೆ ಹೋದರು. ಇದನ್ನು ನಷ್ಟವೆಂದು ಕರೆಯುವ ಧೈರ್ಯ ಯಾರಿಗೂ ಬರಲಾರದು. 1974ರ ಭೂಸುಧಾರಣೆಯ ತರುವಾಯ ದೊಡ್ಡ ಮನೆತನಗಳು ಒಡೆದು ಚಿಕ್ಕ ಸಂಸಾರಗಳಾದವು. ಗೇಣಿಗಿದ್ದವರು ಭೂಮಿಯ ಒಡೆಯರಾದರು. ಹತ್ತಾರು ಹೆಣ್ಣುಮಕ್ಕಳು ಒಟ್ಟಿಗೆ ಕೂರುತ್ತಿದ್ದ ಚಾವಡಿಗಳು ಬರಿದಾದವು. ತವರಿಗೆ ಆಟಿ ಕೂರಲು ಬರುತ್ತಿದ್ದ ಮದುಮಗಳಿಗೆ ಈಗ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಛೇರಿಯಿದೆ.

ಇಲ್ಲಿ ಕಟ್ಟಳೆಯೂ ತನ್ನ ಪಾಲನ್ನು ಸಲ್ಲಿಸಿತು. ಬೇಸಾಯದ ದಿನಗಳಲ್ಲಿ ಆಟಕ್ಕೆ ಮನಸ್ಸು ಹೋಗದಿರಲೆಂದು ಹಿರಿಯರು ಚೆನ್ನೆಗೆ ಆಟಿಯ ಬೇಲಿ ಹಾಕಿರಬೇಕು. ಆಟಿಗೆ ಬಿಡುವಿದ್ದಾಗ ಆ ಬೇಲಿ ಆಟವನ್ನು ಕಾಯಿತು. ಬಿಡುವೇ ಇಲ್ಲದ ಆಟಿಯಲ್ಲಿ ಅದೇ ಬೇಲಿ ಆಟದ ಉಸಿರು ಕಟ್ಟಿಸಿತು. ಶಾಲೆಗೆ ದೊಡ್ಡ ರಜೆ ಸಿಗುವ ಏಪ್ರಿಲ್–ಮೇ ತಿಂಗಳಲ್ಲಿ ಮಣೆ ಅಟ್ಟದಲ್ಲಿ. ಮಣೆ ಇಳಿಯುವ ಆಟಿಯಲ್ಲಿ ಮಕ್ಕಳು ಪಾಠಪುಸ್ತಕದ ಮುಂದೆ.

ಪರದೇಶದ ಒಂದು ದೃಷ್ಟಾಂತ

ಹೊಸ ಕಾಲದ ಆಟಗಳನ್ನು ಉಳಿಸಿಕೊಳ್ಳಲು ಲೋಕದ ಇತರ ಕಡೆ ನಡೆದಿರುವ ಪ್ರಯತ್ನವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವೊಂದನ್ನು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು; 1985ರಲ್ಲಿ ಅದು ರೂಪ ಬದಲಿಸಿ ಅಮೆರಿಕಕ್ಕೆ ಹೋಯಿತು. ನಮ್ಮಲ್ಲಿಯೂ 1990ರ ದಶಕದಲ್ಲಿ ಅದರ ಅನುಕರಣೆಯ ಯಂತ್ರಗಳು ಪೇಟೆಯ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದವು; ಕ್ಯಾಸೆಟ್ ಚುಚ್ಚಿ ಆಡಿದ ನೆನಪು ನನ್ನ ಪ್ರಾಯದ ಅನೇಕರಿಗೆ ಇರಬೇಕು. ‘ಸೂಪರ್ ಮಾರಿಯೊ’ ಎಂಬ ಪ್ರಸಿದ್ಧ ಆಟದ ಎರಡನೆಯ ಭಾಗವೆಂದು ಜಪಾನೀಯರು 1986ರಲ್ಲಿ ಆಡಿದ್ದೊಂದು. ಅದು ತೀರ ಕಠಿಣವೆಂದು ಬಗೆದು, ಜಪಾನಿನ ಬೇರೊಂದು ಆಟದ ಪಾತ್ರಗಳನ್ನು ಬದಲಿಸಿ 1988ರಲ್ಲಿ ಅಮೆರಿಕದವರಿಗೆ ಅದೇ ಹೆಸರಿನಲ್ಲಿ ಕೊಟ್ಟದ್ದು ಇನ್ನೊಂದು. ಒಂದೇ ಹೆಸರು, ಎರಡು ದೇಶ, ಎರಡು ಆಟ! ನಮ್ಮ ಅಜ್ಜಿಗೂ ಅತ್ತೆಗೂ ಇದ್ದ ವ್ಯಾಜ್ಯವೇ.

ಈಗ ಅಲ್ಲಿನ ಸಂಗ್ರಾಹಕರು ಎರಡು ಪಾಠಗಳನ್ನೂ ಕಾದಿಡುತ್ತಾರೆ. ದೇಶದೇಶಗಳ ವ್ಯತ್ಯಾಸಗಳನ್ನು ಪಟ್ಟಿಮಾಡುತ್ತಾರೆ. ಹಳೆಯ ಯಂತ್ರ ಕೆಟ್ಟರೆ ಹೊಸ ಕಂಪ್ಯೂಟರಿನಲ್ಲಿ ಅದೇ ಆಟ ನಡೆಯುವಂತೆ ಮಾಡಿ ಆಡುತ್ತಾರೆ. ಇಷ್ಟಾಗಿಯೂ 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳ ಪೈಕಿ ನೂರಕ್ಕೆ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕಹಾಕಿ ತೋರಿಸಿತು. ನಾಲ್ಕು ದಶಕಗಳ ಆಟಗಳಿಗೇ ಈ ಅವಸ್ಥೆಯೆಂದಾದರೆ, ಬರಹವನ್ನೇ ಕಾಣದ ಚೆನ್ನೆಯ ಬಗೆಗಳಲ್ಲಿ ಎಷ್ಟು ಅಳಿದಿವೆಯೋ ಎಣಿಸಲು ಪಟ್ಟಿಯಾದರೂ ಎಲ್ಲಿದೆ?

ಚೆನ್ನೆಯ ದಾಯಾದಿಗಳೂ ಬೇರೆಡೆ ಮಾನ ಪಡೆದಿವೆ. ಸಾಲಿಗೆ ಒಂಬತ್ತು ಮನೆ, 162 ಕಾಯಿಗಳಿಂದ ಕಝಾಕ್ ಜನ ಆಡುವ ತೊಗ್ಜ್‌ಕುಮಲಾಕ್ ಆಟವನ್ನೂ ಅದರ ಕಿರ್ಗಿಜ್, ತುರ್ಕಿ ಬಂಧುಗಳನ್ನೂ ಯುನೆಸ್ಕೊ 2020ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಫ್ರಿಕದ ಒವಾರೆಯ ಒಂದು ರೂಪವನ್ನು ನೆದರ್ಲೆಂಡಿನ ರೊಮೈನ್ ಮತ್ತು ಬಾಲ್ ಎಂಬ ಇಬ್ಬರು ವಿಜ್ಞಾನಿಗಳು 2002ರಲ್ಲಿ ಕಂಪ್ಯೂಟರಿನ ಸಹಾಯದಿಂದ ಪೂರ್ತಿಯಾಗಿ ಬಿಡಿಸಿದರು. ಹನ್ನೆರಡು ಮನೆ, 48 ಕಾಯಿಗಳ ಆ ಆಟದಲ್ಲಿ ಸುಮಾರು 88,900 ಕೋಟಿ ಸ್ಥಿತಿಗಳನ್ನು ಪರಿಶೀಲಿಸಿದ ಮೇಲೆ ಸಿಕ್ಕಿದ ಉತ್ತರ: ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ. ಹದಿನಾಲ್ಕು ಮನೆ, 56 ಕಾಯಿಗಳ ನಮ್ಮ ಚೆನ್ನೆ ಅದಕ್ಕಿಂತ ದೊಡ್ಡದು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೈ ಹಾಕಬಹುದಾದ ಕೆಲಸವಿದು. ಆದರೆ ಕಂಪ್ಯೂಟರಿಗೆ ಹೇಳಿಕೊಡಲು ಮೊದಲು ನಿಯಮಗಳು ನಮಗೆ ತಿಳಿದಿರಬೇಕಷ್ಟೆ!

ಓಲೆಗರಿಯಿಂದ ಕಲಿಯಬೇಕಾದದ್ದು

ಕಾಪಾಡುವುದೆಂದರೇನು ಎಂಬ ಪ್ರಶ್ನೆಗೆ ಮೂಡುಬಿದಿರೆಯೇ ಒಂದು ಉತ್ತರ ಕೊಟ್ಟಿದೆ. 1430ರ ಸಾವಿರಕಂಬದ ಬಸದಿಯನ್ನು ನೋಡಿ ಹೋಗುವವರೆಲ್ಲರಿಗೂ ಅಲ್ಲಿನ ಓಲೆಗರಿಗಳ ಕಥೆ ತಿಳಿದಿರಲಾರದು. ಜೈನರ ಷಟ್ಖಂಡಾಗಮದ ಮೇಲಿನ ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳು ಇಡೀ ಭಾರತದಲ್ಲಿ ಎಲ್ಲಿಯೂ ಸಿಗದೆ ಹೋದಾಗ ಹಳಗನ್ನಡ ಲಿಪಿಯಲ್ಲಿ ಬರೆದ ಪ್ರತಿಗಳು ಮೂಡುಬಿದಿರೆಯಲ್ಲಿ ಉಳಿದಿದ್ದವು. ಶತಮಾನಗಳ ಕಾಲ ಅವು ಪೂಜೆಗೊಂಡವು, ದರ್ಶನಕ್ಕೆ ದೊರೆತವು, ಓದಿಗೆ ದೊರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಆ ಗ್ರಂಥಗಳಿಗೆ ಮರುಹುಟ್ಟು ಬಂದಿತು. ಪೂಜೆ ಓಲೆಯನ್ನು ಉಳಿಸಿತು, ಓದು ಗ್ರಂಥವನ್ನು ಉಳಿಸಿತು. ಎರಡಕ್ಕೂ ನಾವು ಋಣಿಗಳು.

ಚೆನ್ನೆಗೂ ಇದೇ ಮಾತು ಸಲ್ಲುತ್ತದೆ. ಓಲೆಯನ್ನು ಕಾಯುವ ಕೆಲಸ ನಮ್ಮಲ್ಲಿ ಚೆನ್ನಾಗಿಯೇ ನಡೆದಿದೆ. ಬಂಟ್ವಾಳದ ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಇತಿಹಾಸದ ಪ್ರಾಧ್ಯಾಪಕ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುವರ ದಿನಬಳಕೆಯ ವಸ್ತುಗಳನ್ನು ಮನೆಮನೆಯಿಂದ ಕೂಡಿಹಾಕಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳಿಗೆ ಹೊಸ ಮಣೆಗಳನ್ನು ಮಾಡಿಸಿ ಜನರ ಕೈಗಿತ್ತಿದೆ. ಶಬ್ದಗಳ ಮಟ್ಟಿಗೆ ಹೇಳುವುದಾದರೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988–1997ರ ಅವಧಿಯಲ್ಲಿ ಆರು ಸಂಪುಟಗಳಾಗಿ ಹೊರಬಂದ ತುಳು ನಿಘಂಟು ಇದೆ. ಇನ್ನು ಬೇಕಾದದ್ದು ಓದು, ಎಂದರೆ ಆಟ.

ಇಂದಿನ ಸ್ಪರ್ಧೆಗಳು

‘ಆಟಿಡೊಂಜಿ ದಿನ’ ಎಂಬ ಹೆಸರಿನಲ್ಲಿ ಊರೂರಿನ ಸಂಘಗಳು ಈಗ ಆಟಿಯನ್ನು ಹಬ್ಬವಾಗಿ ಆಚರಿಸುತ್ತಿವೆ. ಹಸಿವಿನ ತಿಂಗಳು ಊಟದ ತಿಂಗಳಾಗಿರುವುದು ಕಾಲದ ವಿನೋದ. ಅಲ್ಲಿ ಚೆನ್ನೆಯ ಸ್ಪರ್ಧೆಯೂ ಇರುತ್ತದೆ. ಕಾಲೇಜಿನ ಹುಡುಗ ಹುಡುಗಿಯರು ಉತ್ಸಾಹದಿಂದ ಕೂರುತ್ತಾರೆ. ಇದು ಸಂತೋಷದ ವಿಷಯವೇ. ಆದರೆ ಸ್ಪರ್ಧೆಯೆಂದ ಮೇಲೆ ಎಲ್ಲರಿಗೂ ಒಂದೇ ನಿಯಮ ಬೇಕು. ಒಂದೇ ನಿಯಮವೆಂದ ಮೇಲೆ ಸುಲಭವಾದ, ಬೇಗ ಮುಗಿಯುವ ಬಗೆಯೊಂದು ಸಿಂಹಾಸನ ಏರುತ್ತದೆ. ‘ನಮ್ಮಲ್ಲಿ ಹೀಗೆ’ ಎನ್ನುವ ಅಜ್ಜಿಗೆ ವೇದಿಕೆಯ ತೀರ್ಪುಗಾರರು ‘ಅದು ತಪ್ಪು’ ಎನ್ನುತ್ತಾರೆ. ಅಜ್ಜಿ ಮರುಮಾತಾಡದೆ ಎದ್ದು ಹೋಗುತ್ತಾರೆ. ಅವರೊಡನೆ ಒಂದು ಆಟವೂ ಎದ್ದು ಹೋಗುತ್ತದೆ. ಉಳಿಸಬೇಕೆಂಬ ಹಂಬಲದಿಂದಲೇ ಅಳಿವು ನಡೆಯುವುದೆಂದರೆ ಇದು.

ಇದಕ್ಕೆ ಪರಿಹಾರ ದುಬಾರಿಯಾದದ್ದೇನಲ್ಲ. ಸ್ಪರ್ಧೆಗೆ ಒಂದು ನಿಯಮವಿರಲಿ. ಅದರ ಪಕ್ಕದಲ್ಲಿಯೇ ಇನ್ನೊಂದು ಮಣೆ ಹಾಕಿ, ಹಿರಿಯರು ತಮ್ಮ ತಮ್ಮ ಊರಿನ ಬಗೆಯನ್ನು ಆಡಿ ತೋರಿಸಲು ಅವಕಾಶವಿರಲಿ. ಒಬ್ಬ ವಿದ್ಯಾರ್ಥಿ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ. ಬರೆಯಬೇಕಾದದ್ದು ಬಹಳವಿಲ್ಲ: ಮನೆಗೆ ಎಷ್ಟು ಕಾಯಿ? ಬಿತ್ತುವುದು ಯಾವ ಕಡೆಗೆ? ಕೈ ಬರಿದಾದಾಗ ಎತ್ತುವುದು ಬಿದ್ದ ಮನೆಯನ್ನೋ ಮುಂದಿನದನ್ನೋ? ಗೆಲ್ಲುವುದು ಹೇಗೆ? ಎದುರು ಮನೆಗೆ ಹಕ್ಕುಂಟೇ? ಸೋತವರು ಮುಂದಿನ ಸುತ್ತಿಗೆ ಏನು ಮಾಡಬೇಕು? ಪ್ರತಿಯೊಂದು ನಡೆಗೂ ಹೇಳುವ ತುಳು ಶಬ್ದ ಯಾವುದು? ಕಲಿಸಿದವರು ಯಾರು, ಯಾವ ಊರಿನವರು? ಒಂದು ಪುಟ ಸಾಕು. ಮೊಬೈಲಿನಲ್ಲಿ ಹತ್ತು ನಿಮಿಷದ ಚಿತ್ರ ತೆಗೆದರೆ ಇನ್ನೂ ಒಳ್ಳೆಯದು. ಆಟವನ್ನು ಕೊಂದಿತೆಂಬ ಅಪವಾದದಿಂದ ಆ ಯಂತ್ರಕ್ಕೂ ಬಿಡುಗಡೆಯಾದೀತು.

ಇನ್ನು ಆಟಿಯ ಕಟ್ಟಳೆಯ ವಿಚಾರ. ನಂಬುವವರ ಮನಸ್ಸನ್ನು ನೋಯಿಸಿ ಆಟವನ್ನು ಉಳಿಸಬೇಕೆಂದು ನಾನು ಹೇಳಲಾರೆ. ಆದರೆ ಕಟ್ಟಳೆಯ ಉದ್ದೇಶವನ್ನು ವಿಚಾರ ಮಾಡುವುದು ತಪ್ಪಲ್ಲ. ಬೇಸಾಯ ಕೆಡದಿರಲಿ, ಸೋದರಿಯರ ನಡುವೆ ಮನಸ್ತಾಪ ಬಾರದಿರಲಿ ಎಂಬುದಲ್ಲವೇ ಅದರ ತಿರುಳು? ನಂಬಿಕೆಯುಳ್ಳವರು ಅಟ್ಟದ ಮಣೆಯನ್ನು ಆಟಿಗೇ ಇಳಿಸಲಿ. ಶಾಲೆಯ ಅಂಗಳದಲ್ಲಿ ಮಕ್ಕಳು ನೆಲಕ್ಕೆ ತೋಡಿದ ಹದಿನಾಲ್ಕು ಕುಳಿಗಳಿಗೆ ತಿಂಗಳ ಹಂಗು ಬೇಡವೆಂದು ಊರಿನ ಹಿರಿಯರೇ ಹೇಳಿಬಿಟ್ಟರೆ ಎಲ್ಲರಿಗೂ ಸಮಾಧಾನ. ಎಣಿಕೆ, ಸಹನೆ, ಮುಂದಾಲೋಚನೆ ಮೂರನ್ನೂ ಖರ್ಚಿಲ್ಲದೆ ಕಲಿಸುವ ಇಂತಹ ಗಣಿತದ ಪಾಠ ಬೇರೆ ಯಾವುದಿದೆ?

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯಿದ್ದರೆ ಮುಂದಿನ ಆಟಿಯವರೆಗೆ ಕಾಯಬೇಡಿ. ‘ಅಜ್ಜೀ, ನಿಮ್ಮ ತವರಿನಲ್ಲಿ ಚೆನ್ನೆ ಹೇಗೆ ಆಡುತ್ತಿದ್ದರು?’ ಎಂದು ಇಂದೇ ಕೇಳಿ. ಮೊದಲು ಅವರು ‘ಅದೆಲ್ಲ ಈಗ ಯಾರಿಗೆ ಬೇಕು, ಮಗಾ’ ಎಂದಾರು. ಕಾಯಿಗಳನ್ನು ಮುಂದಿಡಿ. ಬಾಯಿಗೆ ಮರೆತದ್ದು ಬೆರಳಿಗೆ ನೆನಪಿರುತ್ತದೆ.